ಬೇಸ್‌ಬಾಲ್‌ನ ಡೋಪಿಂಗ್ ಸುದ್ದಿ ಓದೋದು ಹೇಗೆ? ಆಟಗಾರನ ಹೆಸರಿಗಿಂತ ಮುಂಚೆ ಇಸವಿ ನೋಡಿ

2022ರ ಆಗಸ್ಟ್ 12ರಂದು ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ತಂಡದ ಫರ್ನಾಂಡೋ ಟಟೀಸ್ ಜೂನಿಯರ್‌ಗೆ 80 ಪಂದ್ಯಗಳ ಅಮಾನತು ಬಿತ್ತು. ಟೆಸ್ಟ್‌ನಲ್ಲಿ ಸಿಕ್ಕಿದ್ದು ಕ್ಲೊಸ್ಟೆಬಾಲ್ ಎಂಬ ಸ್ಟೆರಾಯ್ಡ್. ಹುಳುಕಡ್ಡಿಗೆ ತೆಗೆದುಕೊಂಡ ಔಷಧಿಯಲ್ಲಿ ಅದಿತ್ತು, ನನಗೆ ಗೊತ್ತಿರಲಿಲ್ಲ ಅಂತ ಆತ ಹೇಳಿಕೆ ಕೊಟ್ಟ. ಅಷ್ಟೇ, ಅಭಿಮಾನಿಗಳು ಎರಡು ಪಾಳಯವಾದರು. ಒಬ್ಬರಿಗೆ ಅವನು ಕಳ್ಳ, ಇನ್ನೊಬ್ಬರಿಗೆ ಪಾಪದ ಹುಡುಗ. ಎರಡೂ ಕಡೆಯವರಲ್ಲಿ ಎಷ್ಟು ಜನ ಶೀರ್ಷಿಕೆ ದಾಟಿ ಓದಿದ್ದರೋ!

ಇಂಥ ಸುದ್ದಿ ವರ್ಷಕ್ಕೆ ಒಂದೆರಡಾದರೂ ಬರುತ್ತದೆ. ಹಳೆಯ ಕಥೆಗಳಂತೂ ಮುಗಿಯುವುದೇ ಇಲ್ಲ, ಆಟದ ದೊಡ್ಡವರಿಗೆ ಗೌರವದ ಸ್ಥಾನ ಕೊಡುವ ಹಾಲ್ ಆಫ್ ಫೇಮ್‌ನ ಮತದಾನ ಬಂದಾಗಲೆಲ್ಲ ದಾಖಲೆಗಳ ಬ್ಯಾಟರ್ ಬ್ಯಾರಿ ಬಾಂಡ್ಸ್ ಕುರಿತ ಜಗಳ ಮತ್ತೆ ಶುರುವಾಗುತ್ತದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಅನ್ನು ಈಗಷ್ಟೇ ನೋಡಲು ಶುರು ಮಾಡಿದವರಿಗೆ ಇದೆಲ್ಲ ಗೋಜಲು. ಹಾಗಾಗಿ ಒಂದು ಕ್ರಮ ಹೇಳುತ್ತೇನೆ. ಮೊದಲು ಇಸವಿ, ಆಮೇಲೆ ಮದ್ದಿನ ಹೆಸರು, ಆಮೇಲೆ ಸಾಕ್ಷಿ, ಆಮೇಲೆ ದುಡ್ಡು. ಆಟಗಾರ ಒಳ್ಳೆಯವನೋ ಕೆಟ್ಟವನೋ ಅನ್ನುವ ಪ್ರಶ್ನೆ ಕಟ್ಟಕಡೆಗೆ. ಎಷ್ಟೋ ಸಲ ಅಲ್ಲಿಗೆ ಬರುವ ಹೊತ್ತಿಗೆ ಆ ಪ್ರಶ್ನೆ ಅಷ್ಟು ಮುಖ್ಯ ಅನ್ನಿಸುವುದೂ ಇಲ್ಲ.

ಇಸವಿ ಯಾಕೆ ಮೊದಲು

ಒಂದೇ ತಪ್ಪಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಶಿಕ್ಷೆ ಇತ್ತು. ಕೆಲವು ವರ್ಷ ಶಿಕ್ಷೆಯೇ ಇರಲಿಲ್ಲ. ಇದು ಗೊತ್ತಿಲ್ಲದೆ ಹೋಲಿಸಲು ಹೋದರೆ ಎಲ್ಲ ತಲೆಕೆಳಗಾಗುತ್ತದೆ.

1991ರಲ್ಲಿ ಆಗಿನ ಕಮಿಷನರ್, ಅಂದರೆ ಲೀಗ್‌ನ ಮುಖ್ಯಸ್ಥ, ಫೇ ವಿನ್ಸೆಂಟ್ ಎಲ್ಲ ತಂಡಗಳಿಗೂ ಒಂದು ಪತ್ರ ಕಳಿಸಿದರು. ವೈದ್ಯರ ಚೀಟಿ ಇಲ್ಲದೆ ಸ್ಟೆರಾಯ್ಡ್ ತೆಗೆದುಕೊಳ್ಳುವುದು ನಿಷೇಧ ಅಂತ ಅದರಲ್ಲಿತ್ತು. ಸರಿ, ಆದರೆ ಟೆಸ್ಟ್? ಅದೇ ಇರಲಿಲ್ಲ. ಆಟಗಾರರ ಸಂಘ ಒಪ್ಪದೆ ಟೆಸ್ಟ್ ಮಾಡುವಂತಿಲ್ಲ, ಸಂಘ ಒಪ್ಪಿರಲಿಲ್ಲ, ಮಾಲೀಕರೂ ಅದಕ್ಕಾಗಿ ಅಷ್ಟೇನೂ ಒತ್ತಾಯ ಮಾಡಲಿಲ್ಲ. ಹಾಗಾಗಿ 1990ರ ದಶಕದ ಯಾವ ಆಟಗಾರನ ಬಗ್ಗೆಯಾದರೂ "ಅವನು ಒಂದು ಸಲವೂ ಸಿಕ್ಕಿಬಿದ್ದಿಲ್ಲ" ಅಂತ ಯಾರಾದರೂ ವಾದಿಸಿದರೆ ನಕ್ಕು ಸುಮ್ಮನಾಗಿ. ಹಿಡಿಯಲು ಯಾರೂ ಇರಲಿಲ್ಲ, ಸಿಕ್ಕಿಬೀಳುವುದು ಹೇಗೆ?

1994ರಲ್ಲಿ ಆಟಗಾರರ ಮುಷ್ಕರ ನಡೆದು ಸೀಸನ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಕೂಡ ರದ್ದಾಯಿತು. ಜನ ಬೇಸತ್ತು ಮೈದಾನದಿಂದ ದೂರ ಸರಿದರು. ಅವರನ್ನು ವಾಪಸ್ ಕರೆತಂದ ದೊಡ್ಡ ಕಥೆ ಅಂದರೆ 1998ರ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಪೈಪೋಟಿ. ರಾಜರ್ ಮ್ಯಾರಿಸ್ 1961ರಲ್ಲಿ ಬಾರಿಸಿದ್ದ 61 ಹೋಮ್ ರನ್‌ಗಳ ದಾಖಲೆಯನ್ನು ಮಾರ್ಕ್ ಮೆಗ್ವೈರ್ ಮತ್ತು ಸ್ಯಾಮಿ ಸೋಸಾ ಇಬ್ಬರೂ ದಾಟಿದರು. ಒಬ್ಬನದು 70, ಇನ್ನೊಬ್ಬನದು 66. ಅದೇ ಬೇಸಿಗೆಯಲ್ಲಿ ಒಬ್ಬ ವರದಿಗಾರನಿಗೆ ಮೆಗ್ವೈರ್ ಲಾಕರ್‌ನಲ್ಲಿ ಆಂಡ್ರೊಸ್ಟೀನ್‌ಡಯೋನ್ ಎಂಬ ಹಾರ್ಮೋನ್ ಪೂರಕದ ಬಾಟಲಿ ಕಾಣಿಸಿತು. ಅದು ಆಗ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತಿದ್ದ ಸಾಮಾನು. ಬೇಸ್‌ಬಾಲ್ ನಿಯಮದಲ್ಲೂ ಅದಕ್ಕೆ ತಡೆ ಇರಲಿಲ್ಲ. ಬೈಸಿಕೊಂಡದ್ದು ಮಾತ್ರ ಬಾಟಲಿ ನೋಡಿ ಬರೆದ ವರದಿಗಾರ! ಮೆಗ್ವೈರ್ ಸ್ಟೆರಾಯ್ಡ್ ಬಳಸಿದ್ದನ್ನು ಒಪ್ಪಿಕೊಂಡದ್ದು 2010ರಲ್ಲಿ.

2002ರಲ್ಲಿ ಕೆನ್ ಕ್ಯಾಮಿನಿಟಿ, 1996ರಲ್ಲಿ ತನ್ನ ಲೀಗ್‌ನ ಅತ್ಯಮೂಲ್ಯ ಆಟಗಾರ ಅನ್ನಿಸಿಕೊಂಡವನು, ಆ ಸೀಸನ್‌ನಲ್ಲಿ ಸ್ಟೆರಾಯ್ಡ್ ಬಳಸಿದ್ದೆ ಅಂತ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಗೆ ಬಾಯಿಬಿಟ್ಟು ಹೇಳಿದ. ಅದೇ ವರ್ಷ ಲೀಗ್ ಮತ್ತು ಸಂಘದ ನಡುವೆ ಒಪ್ಪಂದ ಆಯಿತು. 2003ರಲ್ಲಿ ಹೆಸರು ಗುಟ್ಟಾಗಿಟ್ಟು, ಶಿಕ್ಷೆ ಇಲ್ಲದೆ, ಎಲ್ಲರ ಸಮೀಕ್ಷಾ ಟೆಸ್ಟ್. ಶೇ 5ಕ್ಕಿಂತ ಜಾಸ್ತಿ ಪಾಸಿಟಿವ್ ಬಂದರೆ ಮಾತ್ರ ಮುಂದಿನ ವರ್ಷದಿಂದ ಕಡ್ಡಾಯ ಟೆಸ್ಟ್. ಟೆಸ್ಟ್ ಬರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಫಲಿತಾಂಶ ಶೇ 5ರಿಂದ 7ರ ನಡುವೆ ಬಂತು. ಅದನ್ನು ಓದಿದಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿ ಆಗಿತ್ತು.

ಇಲ್ಲಿಂದ ಮುಂದೆ ಶಿಕ್ಷೆಯ ಮೆಟ್ಟಿಲುಗಳು. 2004ರಲ್ಲಿ ಮೊದಲ ಸಲ ಸಿಕ್ಕರೆ ಚಿಕಿತ್ಸೆ ಮಾತ್ರ, ಹೆಸರೂ ಹೊರಗೆ ಬರುವುದಿಲ್ಲ. 2005ರಲ್ಲಿ ಮೊದಲ ತಪ್ಪಿಗೆ 10 ದಿನ. 2006ರಿಂದ 50 ಪಂದ್ಯ, ಎರಡನೇ ಸಲ 100, ಮೂರನೇ ಸಲ ಆಜೀವ ನಿಷೇಧ. 2014ರಿಂದ ಈಗಿರುವ ಲೆಕ್ಕ: 80, 162, ಆಜೀವ. 162 ಅಂದರೆ ಒಂದು ಪೂರ್ತಿ ಸೀಸನ್. ಜೊತೆಗೆ ಅಮಾನತಾದ ವರ್ಷ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತದಲ್ಲಿ, ಆಡುವಂತಿಲ್ಲ.

ಈಗ ಹೋಲಿಸಿ ನೋಡಿ. ರಫಾಯೆಲ್ ಪಾಲ್ಮೇರೊ 2005ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬೆರಳು ತೋರಿಸಿ, ನಾನು ಯಾವತ್ತೂ ಸ್ಟೆರಾಯ್ಡ್ ಬಳಸಿಲ್ಲ ಅಂದ. ಅದೇ ವರ್ಷ ಆಗಸ್ಟ್‌ನಲ್ಲಿ ಸ್ಟಾನೊಜೊಲಾಲ್‌ಗೆ ಪಾಸಿಟಿವ್ ಅಂತ ಸುದ್ದಿ ಬಂತು. ಅವನಿಗೆ ಸಿಕ್ಕಿದ್ದು 10 ದಿನ. ಟಟೀಸ್‌ಗೆ 80 ಪಂದ್ಯ. ಇದರಿಂದ ಟಟೀಸ್ ತಪ್ಪು ಎಂಟು ಪಟ್ಟು ದೊಡ್ಡದು ಅಂತ ಅರ್ಥ ಬರುವುದಿಲ್ಲ. ಕಾನೂನು ಬದಲಾಗಿತ್ತು, ಅಷ್ಟೇ.

ಮದ್ದಿನ ಹೆಸರನ್ನು ಹಾರಿಸಿ ಓದಬೇಡಿ

ಹೆಚ್ಚಿನವರು ಈ ಸಾಲು ಬಂದ ಕೂಡಲೇ ಕಣ್ಣು ಮುಂದೆ ಓಡಿಸುತ್ತಾರೆ. ಉದ್ದುದ್ದ ರಾಸಾಯನಿಕ ಹೆಸರು, ಯಾರಿಗೆ ಬೇಕು ಅಂತ. ಸುದ್ದಿಯ ಅರ್ಧ ಕಥೆ ಇರುವುದೇ ಅಲ್ಲಿ.

ಸ್ಟಾನೊಜೊಲಾಲ್, ಬೋಲ್ಡೆನೋನ್, ನ್ಯಾಂಡ್ರೊಲೋನ್. ಇವು ಹಳೆಯ ಕಾಲದ ಅನಾಬಾಲಿಕ್, ಅಂದರೆ ಸ್ನಾಯು ಬೆಳೆಸುವ, ಸ್ಟೆರಾಯ್ಡ್‌ಗಳು. ಟೆಸ್ಟ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಇವತ್ತಿನ ದಿನ ದೊಡ್ಡ ಆಟಗಾರ ಇದಕ್ಕೆ ಸಿಕ್ಕಿಬಿದ್ದರೆ ಎರಡು ಸಾಧ್ಯತೆ: ತೀರಾ ಬೇಜವಾಬ್ದಾರಿ, ಇಲ್ಲವೇ ಯಾರೋ ಕೊಟ್ಟದ್ದನ್ನು ಕಣ್ಣು ಮುಚ್ಚಿ ತೆಗೆದುಕೊಂಡಿದ್ದಾನೆ. ನ್ಯೂಯಾರ್ಕ್ ಮೆಟ್ಸ್‌ನ ಪಿಚರ್ (ಚೆಂಡು ಎಸೆಯುವವನು) ಹೆನ್ರಿ ಮೆಹಿಯಾ 2016ರಲ್ಲಿ ಮೂರನೇ ಸಲ ಪಾಸಿಟಿವ್ ಬಂದು, ಲೀಗ್‌ನ ಮದ್ದು ಪರೀಕ್ಷೆಯ ಕಾರ್ಯಕ್ರಮದಡಿ ಆಜೀವ ನಿಷೇಧಕ್ಕೆ ಒಳಗಾದ ಮೊದಲ ಆಟಗಾರನಾದ. ಮೂರನೇ ಸಲ ಸಿಕ್ಕಿದ್ದು ಬೋಲ್ಡೆನೋನ್. (2018ರಲ್ಲಿ ಷರತ್ತಿನ ಮೇಲೆ ಅವನನ್ನು ವಾಪಸ್ ಸೇರಿಸಿಕೊಂಡರು. ಆಜೀವ ಅಂದರೂ ಅರ್ಜಿ ಹಾಕಲು ದಾರಿ ಇದೆ.)

ಟೆಸ್ಟೊಸ್ಟಿರೋನ್ ಬೇರೆಯೇ ಸಮಸ್ಯೆ. ಅದು ನಮ್ಮ ದೇಹದಲ್ಲೇ ಇರುತ್ತದೆ. ಹಾಗಾದರೆ ಹೊರಗಿನಿಂದ ಬಂದದ್ದು ಅಂತ ಗೊತ್ತಾಗುವುದು ಹೇಗೆ? ಮೂತ್ರದಲ್ಲಿ ಟೆಸ್ಟೊಸ್ಟಿರೋನ್ ಜೊತೆಗೆ ಎಪಿಟೆಸ್ಟೊಸ್ಟಿರೋನ್ ಅಂತ ಇನ್ನೊಂದು ವಸ್ತು ಇರುತ್ತದೆ. ಬಹಳಷ್ಟು ಜನರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. ಹೊರಗಿನಿಂದ ಟೆಸ್ಟೊಸ್ಟಿರೋನ್ ಹಾಕಿಕೊಂಡರೆ ಒಂದೇ ಕಡೆ ಏರುತ್ತದೆ, ಅನುಪಾತ 4ಕ್ಕೆ 1 ದಾಟಿದರೆ ಅನುಮಾನ. ಆಮೇಲೆ ಕಾರ್ಬನ್ ಐಸೊಟೋಪ್ ಟೆಸ್ಟ್. ಕಾರ್ಖಾನೆಯ ಟೆಸ್ಟೊಸ್ಟಿರೋನ್ ಅನ್ನು ಸೋಯಾದಂಥ ಗಿಡಗಳ ಅಂಶದಿಂದ ತಯಾರಿಸುತ್ತಾರೆ, ಅದರಲ್ಲಿ ಕಾರ್ಬನ್-13 ಸ್ವಲ್ಪ ಕಡಿಮೆ. ಆ ವ್ಯತ್ಯಾಸ ಯಂತ್ರಕ್ಕೆ ಗೊತ್ತಾಗುತ್ತದೆ. ಕಡಿಮೆ ಪ್ರಮಾಣದಲ್ಲಿ, ಬೇಗ ದೇಹದಿಂದ ಹೊರಟುಹೋಗುವ ಕ್ರೀಮು, ಜೆಲ್ ರೂಪದಲ್ಲಿ ಬಳಸುವವರು ಆಟವಾಡುವುದು ಇದೇ ಗೆರೆಯ ಮೇಲೆ.

ಎಚ್‌ಸಿಜಿ ಅಂತ ಕಂಡರೆ ಗಮನ ಕೊಡಿ. ಇದು ಹೆಂಗಸರ ಬಂಜೆತನದ ಚಿಕಿತ್ಸೆಯಲ್ಲಿ ಬಳಸುವ ಹಾರ್ಮೋನ್. 2009ರಲ್ಲಿ ಮ್ಯಾನಿ ರಮಿರೆಜ್‌ಗೆ 50 ಪಂದ್ಯ ಬಿದ್ದಾಗ ಇದೇ ಹೆಸರು ಬಂತು, ಜನ ಸಿಕ್ಕಾಪಟ್ಟೆ ಗೇಲಿ ಮಾಡಿದರು. ನಗುವ ವಿಷಯವೇನೂ ಇರಲಿಲ್ಲ. ಸ್ಟೆರಾಯ್ಡ್ ಕೋರ್ಸ್ ಮುಗಿಸಿದಾಗ ದೇಹ ತನ್ನ ಸ್ವಂತ ಟೆಸ್ಟೊಸ್ಟಿರೋನ್ ಮಾಡುವುದನ್ನೇ ನಿಲ್ಲಿಸಿರುತ್ತದೆ, ಅದನ್ನು ಮತ್ತೆ ಚಾಲೂ ಮಾಡಲು ಗಂಡಸರು ಇದನ್ನು ಬಳಸುತ್ತಾರೆ. ಅಂದರೆ ಎಚ್‌ಸಿಜಿ ಸಿಕ್ಕರೆ ಅದರ ಹಿಂದೆ ಇನ್ನೊಂದು ಮದ್ದು ಇತ್ತೇ ಅನ್ನುವ ಪ್ರಶ್ನೆ ಬರುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ಅಟ್ಲಾಂಟಾ ಬ್ರೇವ್ಸ್‌ನ ಜುರಿಕ್ಸನ್ ಪ್ರೊಫಾರ್ 80 ಪಂದ್ಯಗಳ ಅಮಾನತಿಗೆ ಒಳಗಾದದ್ದೂ ಇದಕ್ಕೇ.

ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಗಳು ನೇರವಾಗಿ ಬಲ ಕೊಡುವುದಿಲ್ಲ. ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದನ್ನು ಮರೆಮಾಚುತ್ತವೆ ಅನ್ನುವುದು ಅನುಮಾನ. ಕ್ರಿಕೆಟ್ ನೋಡುವವರಿಗೆ 2003ರ ವಿಶ್ವಕಪ್‌ಗೆ ಮುಂಚೆ ಶೇನ್ ವಾರ್ನ್ ಸಿಕ್ಕಿಬಿದ್ದದ್ದು ನೆನಪಿರಬಹುದು, ಅದೂ ಇದೇ ಜಾತಿ. ರಾಬಿನ್ಸನ್ ಕಾನೊ 2018ರಲ್ಲಿ ಫ್ಯುರೊಸಮೈಡ್‌ಗೆ ಸಿಕ್ಕಿಬಿದ್ದ. ಅದು ಒಂದು ಕಾಯಿಲೆಗೆ ವೈದ್ಯರು ಕೊಟ್ಟದ್ದು ಅಂದ. ಎಷ್ಟೋ ಜನ ನಂಬಿದರು. ಆದರೆ ಲೀಗ್‌ನ ನಿಯಮದ ಪ್ರಕಾರ ಇಂಥ ಮಾತ್ರೆ ಸಿಕ್ಕರೆ ಸಾಕಾಗುವುದಿಲ್ಲ, ಏನನ್ನೋ ಮುಚ್ಚಿಡುವ ಉದ್ದೇಶ ಇತ್ತು ಅಂತ ತೀರ್ಮಾನವಾಗಬೇಕು. ಕಾನೊ ಮೇಲ್ಮನವಿ ಕೈಬಿಟ್ಟು 80 ಪಂದ್ಯ ಒಪ್ಪಿಕೊಂಡ. 2020ರ ನವೆಂಬರ್‌ನಲ್ಲಿ ಸ್ಟಾನೊಜೊಲಾಲ್‌ಗೆ ಸಿಕ್ಕಿ ಪೂರ್ತಿ 2021ರ ಸೀಸನ್ ಕಳೆದುಕೊಂಡ. ಮೊದಲ ಸಲ ಮದ್ದಿನ ಹೆಸರು ಮತ್ತು ನಿಯಮ ಎರಡನ್ನೂ ಓದಿದ್ದವರಿಗೆ ಎರಡನೇ ಸುದ್ದಿ ಅಷ್ಟು ಆಘಾತ ಕೊಟ್ಟಿರಲಿಕ್ಕಿಲ್ಲ.

ಇನ್ನು ಟಟೀಸ್‌ನ ಕ್ಲೊಸ್ಟೆಬಾಲ್. ಇದು ಕೆಲವು ದೇಶಗಳಲ್ಲಿ ಗಾಯಕ್ಕೆ ಹಚ್ಚುವ ಮುಲಾಮು, ಸ್ಪ್ರೇಗಳಲ್ಲಿ ನಿಜವಾಗಿಯೂ ಇರುತ್ತದೆ. ಬೇರೆಯವರ ಕೈಯಿಂದ ಚರ್ಮಕ್ಕೆ ತಾಗಿದರೂ ಪಾಸಿಟಿವ್ ಬರಬಹುದು. ಟೆನಿಸ್‌ನ ಯಾನಿಕ್ ಸಿನ್ನರ್ 2024ರಲ್ಲಿ ಸಿಕ್ಕಿಬಿದ್ದದ್ದು ಇದಕ್ಕೇ, ಅವನ ಫಿಸಿಯೊ ಬಳಸಿದ್ದ ಸ್ಪ್ರೇ ಕಾರಣ ಅಂತ ವಿಚಾರಣೆಯಲ್ಲಿ ಒಪ್ಪಿದರು. ಹಾಗಾಗಿ ಈ ಹೆಸರು ಬಂದಾಗ "ಸುಳ್ಳು ಕಥೆ" ಅಂತ ತಕ್ಷಣ ತಳ್ಳಿಹಾಕಬೇಡಿ. ಆದರೆ ಟಟೀಸ್ ಮೊದಲು ಹಾಕಿದ್ದ ಮೇಲ್ಮನವಿಯನ್ನು ಕೈಬಿಟ್ಟ, ಮತ್ತು ತಂಡದ ತರಬೇತುದಾರರಿಗೋ ಸಂಘಕ್ಕೋ ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು ಅನ್ನುವುದೂ ನಿಜ. 34 ಕೋಟಿ ಡಾಲರ್ ಒಪ್ಪಂದ ಇರುವ ಆಟಗಾರ ಯಾವ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬಾರದು, ಅಲ್ವಾ?

ಉತ್ತೇಜಕಗಳ ಸುದ್ದಿಗೆ ಬೇರೆ ಅಳತೆ. ಆಂಫೆಟಮಿನ್ ಮಾತ್ರೆಗಳು ದಶಕಗಳ ಕಾಲ ಡ್ರೆಸಿಂಗ್ ರೂಮಿನಲ್ಲಿ ಮಾಮೂಲಾಗಿದ್ದವು, "ಗ್ರೀನೀಸ್" ಅಂತಲೇ ಹೆಸರು. ಸುಮಾರು ಆರು ತಿಂಗಳಲ್ಲಿ 162 ಪಂದ್ಯ, ನಡುವೆ ರಾತ್ರಿ ವಿಮಾನ ಪ್ರಯಾಣ, ಸುಸ್ತು ಅವರ ದೊಡ್ಡ ಶತ್ರು. 2006ರಿಂದ ಇದಕ್ಕೂ ಟೆಸ್ಟ್ ಬಂತು. ಮೊದಲ ಸಲ ಸಿಕ್ಕರೆ ಜಾಸ್ತಿ ಟೆಸ್ಟ್ ಅಷ್ಟೇ, ಹೆಸರು ಹೊರಬರುವುದಿಲ್ಲ. ಎರಡನೇ ಸಲಕ್ಕೆ ಆಗ 25 ಪಂದ್ಯ ಇತ್ತು. ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್‌ಗೆ 2014ರಲ್ಲಿ ಆಡರಾಲ್ ಕಾರಣಕ್ಕೆ 25 ಪಂದ್ಯ ಬಿದ್ದಿತ್ತು. ಗಮನ ಕೊರತೆಯ ಎಡಿಎಚ್‌ಡಿ ಸಮಸ್ಯೆ ಇದ್ದವರು ಅನುಮತಿ ಪತ್ರ ಪಡೆದು ಇದೇ ಔಷಧಿಯನ್ನು ಕಾನೂನುಬದ್ಧವಾಗಿ ಬಳಸಬಹುದು. ಅಂಥ ಪತ್ರಗಳ ಸಂಖ್ಯೆ ಕೆಲವು ವರ್ಷ ನೂರನ್ನೂ ದಾಟಿತ್ತು. ಅನುಮಾನ ಪಡುವವರು ಪಡುತ್ತಾರೆ, ನಾನೂ ಸ್ವಲ್ಪ ಪಡುತ್ತೇನೆ.

ಎಚ್‌ಜಿಎಚ್, ಅಂದರೆ ಬೆಳವಣಿಗೆಯ ಹಾರ್ಮೋನ್, ಮೂತ್ರದಲ್ಲಿ ಸಿಗುವುದಿಲ್ಲ. ರಕ್ತ ಬೇಕು. ಸೀಸನ್ ನಡುವೆ ರಕ್ತ ಪರೀಕ್ಷೆ ಶುರುವಾದದ್ದು 2013ರಲ್ಲಿ. ಅದಕ್ಕೂ ಮುಂಚೆ ಇದನ್ನು ಬಳಸಿದವರು ಟೆಸ್ಟ್‌ಗೆ ಹೆದರಬೇಕಾಗಿಯೇ ಇರಲಿಲ್ಲ. ಈಗಲೂ ಕೆಲವೇ ದಿನಗಳಲ್ಲಿ ಕುರುಹು ಮಾಯ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟೆರಾಯ್ಡ್ ಅಂದರೆ ದಪ್ಪ ತೋಳಿನ ಬ್ಯಾಟರ್ ಅಂತ ಚಿತ್ರ ಬರುತ್ತದೆ. ಅಮಾನತಾದವರಲ್ಲಿ ಪಿಚರ್‌ಗಳು ಸಾಕಷ್ಟಿದ್ದಾರೆ. ಅವರಿಗೆ ಬೇಕಿರುವುದು ಸ್ನಾಯುಗಿಂತ ಚೇತರಿಕೆ: ಇವತ್ತು ಎಸೆದು, ಕೆಲವೇ ದಿನಗಳಲ್ಲಿ ಮತ್ತೆ ಅದೇ ವೇಗದಲ್ಲಿ ಎಸೆಯುವುದು.

ಸಾಕ್ಷಿ ಬಂದದ್ದು ಬಾಟಲಿಯಿಂದಲೋ, ಕಾಗದದಿಂದಲೋ

ಮೂತ್ರದ ಟೆಸ್ಟ್‌ನಲ್ಲಿ ಸಿಕ್ಕಿಬೀಳುವುದು ಒಂದು ದಾರಿ ಮಾತ್ರ. ದೊಡ್ಡ ದೊಡ್ಡ ಹಗರಣಗಳು ಹೊರಬಂದದ್ದು ಪೊಲೀಸರಿಂದ, ಪತ್ರಕರ್ತರಿಂದ, ಸಂಬಳ ಸಿಗದೆ ಸಿಟ್ಟಾದ ಕೆಲಸಗಾರರಿಂದ.

ಕ್ಯಾಲಿಫೋರ್ನಿಯಾದ ಬಾಲ್ಕೊ ಎಂಬ ಲ್ಯಾಬ್ ಮೇಲೆ 2003ರಲ್ಲಿ ದಾಳಿ ನಡೆಯಿತು. ಅಲ್ಲಿಂದ ಹೊರಟಿದ್ದ ಟಿಎಚ್‌ಜಿ ಎಂಬ ಸ್ಟೆರಾಯ್ಡ್ ಯಾವ ಟೆಸ್ಟ್‌ಗೂ ಕಾಣದ ಹಾಗೆ ತಯಾರಾಗಿತ್ತು, ಹುಡುಕಬೇಕಾದ ವಸ್ತು ಇಂಥದ್ದು ಅಂತ ಲ್ಯಾಬ್‌ಗಳಿಗೆ ಗೊತ್ತೇ ಇರಲಿಲ್ಲ. ಓಟಗಾರರ ಒಬ್ಬ ಕೋಚ್ ಬಳಸಿದ ಸಿರಿಂಜ್ ಒಂದನ್ನು ಅಧಿಕಾರಿಗಳಿಗೆ ಕಳಿಸಿದ ಮೇಲೆಯೇ ಲಾಸ್ ಏಂಜಲೀಸ್‌ನ ವಿಜ್ಞಾನಿ ಡಾನ್ ಕ್ಯಾಟ್ಲಿನ್ ತಂಡ ಅದನ್ನು ಗುರುತಿಸಿತು. ಬ್ಯಾರಿ ಬಾಂಡ್ಸ್ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಈ ಪ್ರಕರಣದಿಂದ. ಲಿನ್ಸೀಡ್ ಎಣ್ಣೆ ಅಂದುಕೊಂಡು ಬಳಸಿದೆ ಅಂತ ಅವನು ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಅಂತ ಗುಟ್ಟಾಗಿ ವಿಚಾರಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ್ದು ಆಮೇಲೆ ಪತ್ರಿಕೆಯಲ್ಲಿ ಬಂತು. 2011ರಲ್ಲಿ ನ್ಯಾಯಕ್ಕೆ ಅಡ್ಡಿ ಮಾಡಿದ ಆರೋಪದಲ್ಲಿ ತಪ್ಪಿತಸ್ಥ ಅಂತಾಯಿತು, 2015ರಲ್ಲಿ ಮೇಲಿನ ಕೋರ್ಟ್ ಅದನ್ನೂ ತಳ್ಳಿಹಾಕಿತು. ಸ್ಟೆರಾಯ್ಡ್‌ಗಾಗಿ ಮೇಜರ್ ಲೀಗ್ ಅವನನ್ನು ಒಂದು ಪಂದ್ಯಕ್ಕೂ ಅಮಾನತು ಮಾಡಲಿಲ್ಲ. ಇದನ್ನು ಓದಿ ಬಾಂಡ್ಸ್ ಶುದ್ಧ ಅನ್ನುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ. ಆದರೆ "ಅಮಾನತಾಗಿದ್ದ" ಅಂತ ಯಾರಾದರೂ ಬರೆದರೆ ಅದೂ ಸುಳ್ಳು.

2007ರ ಡಿಸೆಂಬರ್‌ನಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ವರದಿ ಬಂತು. 409 ಪುಟ, 80ಕ್ಕೂ ಹೆಚ್ಚು ಆಟಗಾರರ ಹೆಸರು. ಓದುವಾಗ ಒಂದು ವಿಷಯ ನೆನಪಿಡಿ: ಮುಖ್ಯ ಮಾಹಿತಿ ಬಂದದ್ದು ಮೆಟ್ಸ್ ತಂಡದಲ್ಲಿ ಕೆಲಸ ಮಾಡಿದ್ದ ಕರ್ಕ್ ರಾಡಾಮ್ಸ್ಕಿ ಮತ್ತು ಟ್ರೈನರ್ ಬ್ರಯಾನ್ ಮೆಕ್‌ನಾಮಿ ಇಬ್ಬರಿಂದ. ಅವರಿಗೆ ಗೊತ್ತಿದ್ದವರ ಹೆಸರು ಬಂತು, ಗೊತ್ತಿಲ್ಲದವರ ಹೆಸರು ಬರಲಿಲ್ಲ. ಬೇರೆ ಊರಿನಲ್ಲಿ ಬೇರೆಯವರಿಂದ ಕೊಂಡವರು ಆರಾಮಾಗಿ ಪಾರಾದರು. ವರದಿಯಲ್ಲಿ ಹೆಸರಿಲ್ಲ ಅಂದರೆ ಬಳಸಿಲ್ಲ ಅಂತ ಅಲ್ಲ. ಹೆಸರಾಂತ ಪಿಚರ್ ರಾಜರ್ ಕ್ಲೆಮೆನ್ಸ್ ಹೆಸರು ಇತ್ತು. ಅವನು ಒಪ್ಪಲೇ ಇಲ್ಲ, ಸಂಸತ್ತಿಗೆ ಸುಳ್ಳು ಹೇಳಿದ ಆರೋಪದಿಂದ 2012ರಲ್ಲಿ ಖುಲಾಸೆಯೂ ಆದ. ಅವನ ಗೆಳೆಯ ಆಂಡಿ ಪೆಟಿಟ್ ಮಾತ್ರ ಎಚ್‌ಜಿಎಚ್ ಬಳಸಿದ್ದು ಹೌದು ಅಂತ ಒಪ್ಪಿಕೊಂಡ.

2013ರ ಬಯೋಜೆನೆಸಿಸ್ ಪ್ರಕರಣ ಇನ್ನೂ ಸ್ವಾರಸ್ಯ. ಫ್ಲಾರಿಡಾದ ಒಂದು "ವಯಸ್ಸು ತಡೆಯುವ" ಕ್ಲಿನಿಕ್. ಅದರ ಲೆಕ್ಕದ ಪುಸ್ತಕಗಳು ಮಯಾಮಿ ನ್ಯೂ ಟೈಮ್ಸ್ ಕೈಗೆ ಸಿಕ್ಕವು, ಜನವರಿಯಲ್ಲಿ ವರದಿ ಬಂತು. ಆ ವರ್ಷ ಆಗಸ್ಟ್ 5ರಂದು ಒಂದೇ ದಿನ 13 ಆಟಗಾರರಿಗೆ ಶಿಕ್ಷೆ. ಹೆಚ್ಚಿನವರಿಗೆ 50 ಪಂದ್ಯ, ಅಲೆಕ್ಸ್ ರಾಡ್ರಿಗೆಜ್‌ಗೆ 211. ಮಧ್ಯಸ್ಥಗಾರ ಅದನ್ನು 162ಕ್ಕೆ ಇಳಿಸಿದರು, 2014 ಪೂರ್ತಿ ಹೊರಗೆ. ರಾಡ್ರಿಗೆಜ್ ಆ ಅವಧಿಯಲ್ಲಿ ಒಂದು ಟೆಸ್ಟ್‌ನಲ್ಲೂ ಫೇಲಾಗಿರಲಿಲ್ಲ! ಪುಸ್ತಕ, ಮೆಸೇಜು, ಕ್ಲಿನಿಕ್ ಮಾಲೀಕನ ಸಾಕ್ಷ್ಯ, ಇಷ್ಟರ ಮೇಲೆ ಶಿಕ್ಷೆ.

ಟೆಸ್ಟ್ ಆದರೂ ಜಗಳ ಮುಗಿಯುವುದಿಲ್ಲ. ಮಿಲ್ವಾಕಿಯ ರಯನ್ ಬ್ರಾನ್ 2011ರಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದ, ಅದೇ ಅಕ್ಟೋಬರ್‌ನಲ್ಲಿ ಪಾಸಿಟಿವ್ ಬಂದಿತ್ತು. ಸ್ಯಾಂಪಲ್ ತೆಗೆದವನು ಅದನ್ನು ತಕ್ಷಣ ಕೊರಿಯರ್‌ಗೆ ಕೊಡದೆ ವಾರಾಂತ್ಯ ಮನೆಯಲ್ಲಿಟ್ಟಿದ್ದ. ಆ ಒಂದು ಅಂಶದ ಮೇಲೆ 2012ರ ಫೆಬ್ರವರಿಯಲ್ಲಿ ಬ್ರಾನ್ ಗೆದ್ದ, ಪತ್ರಿಕಾಗೋಷ್ಠಿ ಮಾಡಿ ಸತ್ಯ ಗೆದ್ದಿತು ಅನ್ನುವ ಧಾಟಿಯಲ್ಲಿ ಮಾತಾಡಿದ. ಮರುವರ್ಷ ಬಯೋಜೆನೆಸಿಸ್‌ನಲ್ಲಿ ಸಿಕ್ಕಿ 65 ಪಂದ್ಯ ತೆಪ್ಪಗೆ ಒಪ್ಪಿಕೊಂಡ. ಕಾಗದದ ತಪ್ಪಿನಿಂದ ಗೆಲ್ಲುವುದಕ್ಕೂ ನಿರಪರಾಧಿ ಅನ್ನಿಸಿಕೊಳ್ಳುವುದಕ್ಕೂ ಎಷ್ಟು ಅಂತರ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

2003ರ ಗುಟ್ಟಿನ ಸಮೀಕ್ಷೆ ನೆನಪಿದೆಯಲ್ಲ? ಬಾಲ್ಕೊ ತನಿಖೆಯ ವೇಳೆ ಸರ್ಕಾರಿ ಅಧಿಕಾರಿಗಳು ಆ ಪಟ್ಟಿಯನ್ನು ವಶಪಡಿಸಿಕೊಂಡರು. 2009ರಲ್ಲಿ ಕೆಲವು ಹೆಸರು ಸೋರಿದವು: ರಾಡ್ರಿಗೆಜ್, ಸೋಸಾ, ರಮಿರೆಜ್, ಡೇವಿಡ್ ಒರ್ಟಿಜ್. ಇದರಲ್ಲಿ ನಾನು ಸ್ವಲ್ಪ ಹುಷಾರಾಗಿರುತ್ತೇನೆ. ಗುಟ್ಟಾಗಿಡುತ್ತೇವೆ ಅಂತ ಮಾತು ಕೊಟ್ಟು ಮಾಡಿದ ಟೆಸ್ಟ್ ಅದು. ಆ ಪಟ್ಟಿಯ ಕೆಲವು ಫಲಿತಾಂಶಗಳ ಬಗ್ಗೆ ವೈಜ್ಞಾನಿಕ ಅನುಮಾನಗಳಿವೆ ಅಂತ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರೇ 2016ರಲ್ಲಿ ಹೇಳಿದರು. ರಾಡ್ರಿಗೆಜ್ ಒಪ್ಪಿಕೊಂಡ, ಅವನ ವಿಷಯ ಮುಗಿಯಿತು. ಉಳಿದವರ ವಿಷಯದಲ್ಲಿ ಪಟ್ಟಿಯೊಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ಹೇಳಿಕೆಯನ್ನು ಕೊನೆಗೆ ಓದಿ

"ಗೊತ್ತಿದ್ದೂ ನಾನು ಯಾವತ್ತೂ ತೆಗೆದುಕೊಂಡಿಲ್ಲ." ಈ ಸಾಲು ಹೆಚ್ಚುಕಡಿಮೆ ಎಲ್ಲರ ಹೇಳಿಕೆಯಲ್ಲೂ ಇರುತ್ತದೆ. ವಕೀಲರು ಬರೆದುಕೊಡುವ ಸಾಲು. ನಿಯಮದ ಪ್ರಕಾರ ದೇಹದಲ್ಲಿ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ, ಗೊತ್ತಿತ್ತೋ ಇಲ್ಲವೋ ಅನ್ನುವುದು ಶಿಕ್ಷೆ ಇಳಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಸಂಖ್ಯೆ ನೋಡಿ. ಮಿನ್ನೆಸೋಟಾದ ಪಿಚರ್ ಮೈಕೆಲ್ ಪಿನೇಡಾಗೆ 2019ರಲ್ಲಿ 80ರ ಬದಲು 60 ಪಂದ್ಯ ಆಯಿತು. ಮಧ್ಯಸ್ಥಗಾರರ ಮುಂದೆ ಅವನ ಕಥೆ ಸ್ವಲ್ಪವಾದರೂ ನಿಂತಿತ್ತು ಅನ್ನುವುದಕ್ಕೆ ಆ 20 ಪಂದ್ಯಗಳೇ ಸುಳಿವು.

ದಿನಾಂಕದ ಬಗ್ಗೆಯೂ ಎಚ್ಚರ. ಸುದ್ದಿ ಬಂದ ದಿನ ಮತ್ತು ಸ್ಯಾಂಪಲ್ ಕೊಟ್ಟ ದಿನ ಬೇರೆ. ಮೊದಲ ತಪ್ಪಿನ ಮೇಲ್ಮನವಿ ಮುಗಿಯುವವರೆಗೆ ಎಲ್ಲ ಗುಟ್ಟು. "ನಿನ್ನೆ ಎರಡು ಹೋಮ್ ರನ್ ಹೊಡೆದ, ಇವತ್ತು ಸಿಕ್ಕಿಬಿದ್ದ" ಅಂತ ಜೋಡಿಸುವುದು ಸುಮ್ನೆ ಕಾಲಹರಣ.

ಅತಿ ದಡ್ಡ ಹೇಳಿಕೆಗೆ ಬಹುಮಾನ ಕೊಡುವುದಾದರೆ ಮೆಲ್ಕಿ ಕಬ್ರೇರಾ ಕಡೆಯವರಿಗೆ. 2012ರಲ್ಲಿ ಟೆಸ್ಟೊಸ್ಟಿರೋನ್‌ಗೆ ಸಿಕ್ಕಾಗ, ಅಂಗಡಿಯಲ್ಲಿ ಕೊಂಡ ಯಾವುದೋ ಪೂರಕದಿಂದ ಬಂತು ಅಂತ ತೋರಿಸಲು ಇಲ್ಲದ ಉತ್ಪನ್ನಕ್ಕೆ ಒಂದು ನಕಲಿ ವೆಬ್‌ಸೈಟ್ ಮಾಡಿಸಿದ್ದರು. ತನಿಖೆಯವರು ಸಲೀಸಾಗಿ ಹಿಡಿದರು.

ದುಡ್ಡಿನ ಲೆಕ್ಕ

ಅಮಾನತಿನ ಅವಧಿಗೆ ಸಂಬಳ ಇಲ್ಲ. ಕಾನೊ 2021ಕ್ಕೆ ಕಳೆದುಕೊಂಡದ್ದು 2.4 ಕೋಟಿ ಡಾಲರ್. ದೊಡ್ಡ ಮೊತ್ತವೇ. ಆದರೆ ಅವನ ಪೂರ್ತಿ ಒಪ್ಪಂದ 10 ವರ್ಷಕ್ಕೆ 24 ಕೋಟಿ, ಅದನ್ನು ತಂಡ ಈ ಕಾರಣಕ್ಕೆ ರದ್ದು ಮಾಡುವಂತಿಲ್ಲ. ಜೋನಿ ಪೆರಾಲ್ಟಾ ಬಯೋಜೆನೆಸಿಸ್‌ನಲ್ಲಿ 50 ಪಂದ್ಯ ಹೊರಗಿದ್ದ, ಅದೇ ವರ್ಷದ ಕೊನೆಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವನಿಗೆ 4 ವರ್ಷಕ್ಕೆ 5.3 ಕೋಟಿ ಡಾಲರ್ ಕೊಟ್ಟಿತು. ಬೇರೆ ಆಟಗಾರರೇ ಬಹಿರಂಗವಾಗಿ ಸಿಟ್ಟಾದರು. ಕಬ್ರೇರಾಗೂ ಅಮಾನತಿನ ಬೆನ್ನಿಗೇ 2 ವರ್ಷಕ್ಕೆ 1.6 ಕೋಟಿ ಸಿಕ್ಕಿತು. ಶಿಕ್ಷೆ ಕಠಿಣವಾಗಿದೆ ಅಂತ ಲೀಗ್ ಹೇಳಿದಾಗಲೆಲ್ಲ ಈ ಒಪ್ಪಂದಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಲಿಂಪಿಕ್ ಕ್ರೀಡಾಪಟು ಇದೇ ಸ್ಟೆರಾಯ್ಡ್‌ಗೆ ಬೇಕೆಂದೇ ಬಳಸಿ ಸಿಕ್ಕರೆ ಸಾಮಾನ್ಯವಾಗಿ 4 ವರ್ಷ ಮನೆಯಲ್ಲಿ. ಬೇಸ್‌ಬಾಲ್‌ನಲ್ಲಿ ಅರ್ಧ ಸೀಸನ್.

ದುಡ್ಡಿನ ಇನ್ನೊಂದು ತುದಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿದೆ. ಅಲ್ಲಿ 16ರ ವಯಸ್ಸಿಗೆ ಹುಡುಗರು ತಂಡಗಳ ಜೊತೆ ಸಹಿ ಮಾಡುತ್ತಾರೆ. ಕೆಳ ಹಂತದ ಲೀಗ್‌ಗಳ ಅಮಾನತು ಪಟ್ಟಿ ತೆಗೆದರೆ ಅಲ್ಲಿನ ಬೇಸಿಗೆ ಲೀಗ್‌ನ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಅವು ಯಾರಿಗೂ ದೊಡ್ಡ ಸುದ್ದಿಯಲ್ಲ. ಕುಟುಂಬದ ಬಡತನ ಒಂದೇ ಸಹಿಯಲ್ಲಿ ಮುಗಿಯಬಹುದು ಅಂತಾದಾಗ ಹುಡುಗನ ಕೈಗೆ ಸಿರಿಂಜ್ ಕೊಟ್ಟವರು ಯಾರು ಅಂತ ಕೇಳಬೇಕು. ಶಿಕ್ಷೆ ಮಾತ್ರ ಹುಡುಗನಿಗೆ.

ದಾಖಲೆಗಳನ್ನು ಏನು ಮಾಡೋಣ

ಏನೂ ಮಾಡಬೇಕಾಗಿಲ್ಲ. ಲೀಗ್ ಕೂಡ ಏನೂ ಮಾಡಿಲ್ಲ. ಬಾಂಡ್ಸ್‌ನ 2001ರ 73 ಹೋಮ್ ರನ್, ವೃತ್ತಿಯ 762, ಹ್ಯಾಂಕ್ ಆರನ್‌ನ 755ರ ಮೇಲೆ ಹಾಗೇ ಕೂತಿವೆ. ಬ್ರಾನ್ ಪ್ರಶಸ್ತಿ ಬ್ರಾನ್ ಬಳಿಯೇ ಇದೆ. ಕಬ್ರೇರಾ ಮಾತ್ರ ತಾನೇ ಕೇಳಿಕೊಂಡು 2012ರ ಬ್ಯಾಟಿಂಗ್ ಪಟ್ಟ ಬಿಟ್ಟುಕೊಟ್ಟ, ಅದು ಅವನ ತಂಡದವನೇ ಆದ ಬಸ್ಟರ್ ಪೋಸಿಗೆ ಹೋಯಿತು.

ನಾನು ಮಾಡುವುದಿಷ್ಟು: ಒಂದು ಸೀಸನ್‌ನ ಅಂಕಿ ಅಂಶವನ್ನು ಅದೇ ಸೀಸನ್‌ನ ಉಳಿದವರ ಜೊತೆ ಹೋಲಿಸುತ್ತೇನೆ. 2001ರಲ್ಲಿ ಎಲ್ಲರೂ ಜಾಸ್ತಿ ಹೋಮ್ ರನ್ ಹೊಡೆಯುತ್ತಿದ್ದರು, ಚಿಕ್ಕ ಮೈದಾನಗಳು, ಹೊಸ ತಂಡಗಳಿಂದ ತೆಳುವಾದ ಪಿಚಿಂಗ್, ಮದ್ದು, ಎಲ್ಲ ಸೇರಿತ್ತು. ಯಾವುದರ ಪಾಲು ಎಷ್ಟು ಅಂತ ಬಿಡಿಸಲು ಆಗುವುದಿಲ್ಲ. ಬಿಡಿಸಿದ್ದೇನೆ ಅನ್ನುವವರ ಮಾತು ನಂಬಬೇಡಿ.

ಹಾಲ್ ಆಫ್ ಫೇಮ್ ಬೇರೆ ಲೋಕ. ಬೇಸ್‌ಬಾಲ್ ಬರಹಗಾರರ ಮತದಲ್ಲಿ ಶೇ 75 ಬೇಕು, 10 ವರ್ಷ ಅವಕಾಶ. 2022ರಲ್ಲಿ ಕೊನೆಯ ಅವಕಾಶದಲ್ಲಿ ಬಾಂಡ್ಸ್‌ಗೆ ಶೇ 66, ಕ್ಲೆಮೆನ್ಸ್‌ಗೆ ಶೇ 65.2. ಅದೇ ಮತದಾನದಲ್ಲಿ, 2003ರ ಪಟ್ಟಿಯಲ್ಲಿ ಹೆಸರು ಸೋರಿದ್ದ ಒರ್ಟಿಜ್ ಮೊದಲ ಪ್ರಯತ್ನದಲ್ಲೇ ಶೇ 77.9 ಪಡೆದು ಒಳಗೆ ಹೋದ. ಪಾಲ್ಮೇರೊ, 3000 ಹಿಟ್ ಮತ್ತು 500 ಹೋಮ್ ರನ್ ಎರಡೂ ಇರುವ ಬೆರಳೆಣಿಕೆಯ ಆಟಗಾರರಲ್ಲಿ ಒಬ್ಬ, 2014ರಲ್ಲಿ ಶೇ 5ಕ್ಕಿಂತ ಕೆಳಗಿಳಿದು ಪಟ್ಟಿಯಿಂದಲೇ ಹೊರಬಿದ್ದ. ಈ ಮದ್ದಿನ ಕಾಲದ ಹೆಚ್ಚಿನ ಭಾಗ ಲೀಗ್ ನಡೆಸಿದ ಕಮಿಷನರ್ ಬಡ್ ಸೀಲಿಗ್, ಮೆಗ್ವೈರ್‌ಗೆ ಮ್ಯಾನೇಜರ್ ಆಗಿದ್ದ ಟೋನಿ ಲರೂಸಾ, ಇಬ್ಬರೂ ಒಳಗಿದ್ದಾರೆ. ಇದರಲ್ಲಿ ತರ್ಕ ಹುಡುಕಬೇಡಿ. ಮತ ಹಾಕುವ ಒಬ್ಬೊಬ್ಬರದೂ ಒಂದೊಂದು ಗೆರೆ.

ಸುದ್ದಿಯೇ ಇಲ್ಲದ ವರ್ಷ

ಈಗ ವರ್ಷಕ್ಕೆ ಹತ್ತು ಸಾವಿರದ ಆಸುಪಾಸು ಸ್ಯಾಂಪಲ್ ತೆಗೆಯುತ್ತಾರೆ. ಪಾಸಿಟಿವ್ ಬೆರಳೆಣಿಕೆ. ಲೀಗ್ ಇದನ್ನು ಗೆಲುವು ಅನ್ನುತ್ತದೆ. ಇರಬಹುದು. ಆದರೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ಮಾಲೀಕರು ಬಾಗಿಲು ಹಾಕಿದ್ದಾಗ ಒಪ್ಪಂದವೇ ಇರಲಿಲ್ಲ, ಹಾಗಾಗಿ ಆಟಗಾರರಿಗೆ ಟೆಸ್ಟೂ ನಿಂತಿತ್ತು. ಚಳಿಗಾಲದ ಆ ತಿಂಗಳುಗಳು ಜಿಮ್‌ನಲ್ಲಿ ಮೈ ಕಟ್ಟುವ ಹೊತ್ತು ಅನ್ನುವುದು ಆಟ ಬಲ್ಲ ಎಲ್ಲರಿಗೂ ಗೊತ್ತು.

ಸೀಸನ್ ಮುಗಿದ ಮೇಲೆ ಕಾರ್ಯಕ್ರಮದ ಸ್ವತಂತ್ರ ಆಡಳಿತಾಧಿಕಾರಿ ಒಂದು ಚಿಕ್ಕ ವರದಿ ಹೊರಡಿಸುತ್ತಾರೆ. ಎಷ್ಟು ಮೂತ್ರ, ಎಷ್ಟು ರಕ್ತ, ಎಷ್ಟು ಅನುಮತಿ ಪತ್ರ, ಯಾವ ಮದ್ದಿಗೆ ಎಷ್ಟು ಪಾಸಿಟಿವ್, ಎಲ್ಲ ಇರುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಪತ್ರಿಕೆಗಳಲ್ಲಿ ಒಳಪುಟದ ಮೂಲೆಗೆ ಹೋಗುವ ಸುದ್ದಿ. ಹುಡುಕಿ ಓದಿ, ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು, ಯಾವ ಸಾಲು ಏರಿದೆ, ಯಾವುದು ಇಳಿದಿದೆ ನೋಡಿ.